ಚುಂಚನಕಟ್ಟೆಗೆ ಹೋಗಿಬಂದ ಕಮಾನು ಗಾಡಿ

ಹಳೇಕೋಟೆ ಅಂಚೆ,
ಹೊಳೆನರಸೀಪುರ ತಾಲ್ಲೂಕು,
ತಾ. 27-10-1963, ಭಾನುವಾರ

ಪ್ರೀತಿಯ ಅಣ್ಣಯ್ಯ,

ನಿನ್ನ ಕೆಮ್ಮು ಹೇಗಿದೆ? ಕುಲುಮೆ ಮುಂದೆ ಬೆಂದು ಬಂದವನು ತಣ್ಣೀರು ಕುಡಿಯಬಾರದು, ಮೆಣಸಿನ ಕಷಾಯ ಕಾಯಿಸಿಕೊಳ್ಳಬೇಕು ಎಂದು ಅವ್ವ ಮೊದಲ ಸಾಲಿನಲ್ಲೇ ಬರೆಯಲು ಹೇಳಿದ್ದಾಳೆ, ಬರೆದಿದ್ದೇನೆ. ಭದ್ರಾವತಿಯ ಚಳಿಗೆ ಹೋದ ಸಲ ಕಳಿಸಿದ ಕಂಬಳಿ ಸಾಕಾಗುತ್ತದೆಯೋ ಇಲ್ಲವೋ ತಿಳಿಸು. ಇಲ್ಲಿ ಅವ್ವನ ಮಂಡಿ ನೋವು ಇದ್ದ ಹಾಗೇ ಇದೆ. ಹೊನ್ನಕ್ಕ ಅತ್ತಿಗೆ ಚೆನ್ನಾಗಿದ್ದಾಳೆ, ಮೊದಲಿಗಿಂತ ಜಾಸ್ತಿ ನಗುತ್ತಾಳೆ. ರಾಗಿ ತೆನೆ ಕಟ್ಟಿದೆ. ನಿನ್ನ ಮಗ ಸಣ್ಣಯ್ಯ ಹಾಸನದಿಂದ ಹೋದ ವಾರ ಬಂದು ಎತ್ತುಗಳ ಮೈ ತೊಳೆದು ಹೋದ. ನಾನಂತೂ ಗುಂಡುಕಲ್ಲಿನ ಹಾಗಿದ್ದೇನೆ. ಕೋಪದಲ್ಲಿದ್ದೇನೆ, ಅಷ್ಟೇ.

ನಿನ್ನ ಕಾಗದ ಬಂತು. ಕ್ಷೇಮಸಮಾಚಾರ ಒಂದು ಸಾಲು, ಬೈಗುಳ ಎರಡು ಪುಟ. ಗೌಡರ ಮನೆ ದೇವರಾಜು ನಿನಗೆ ಬರೆದನಂತೆ, ನಾವು ಅವರ ಬೀದಿಯಲ್ಲಿ ಕಮಾನು ಬಿಚ್ಚದೆ, ಗಾಡಿಯಿಂದ ಇಳಿಯದೆ ಹೋದೆವಂತೆ. ಹೋದೆವು, ಸುಳ್ಳಲ್ಲ. ಮಾಘದಲ್ಲಿ ಸಣ್ಣಯ್ಯನ ಮದುವೆ, ನುಗ್ಗೇಹಳ್ಳಿಯ ಗಂಗಯ್ಯನವರು ಜಗಳ ಇರುವ ಊರಿಗೆ ಹೆಣ್ಣು ಕೊಡುತ್ತಾರೆಯೇ, ಸಂಬಂಧ ಮುರಿದರೆ ಅದು ನಿನ್ನ ತಲೆಯ ಮೇಲೆ, ನಾಳೆಯೇ ಹೋಗಿ ದೇವರಾಜುವಿಗೆ ತಪ್ಪಾಯಿತು ಎಂದು ಹೇಳಿ ಬಾ ಎಂದು ಬರೆದಿದ್ದೀಯ. ಅಣ್ಣಯ್ಯ, ನೀನು ಹೇಳಿದ್ದನ್ನು ನಾನು ತೆಗೆದುಹಾಕಿದ್ದು ಕಡಿಮೆ. ಓದು ಎಂದೆ, ಓದಿದೆ. ಟೀಚರ್ ಕೆಲಸಕ್ಕೆ ಸೇರು ಎಂದೆ, ಸೇರಿದೆ. ಇದೊಂದು ಮಾತ್ರ ಆಗುವುದಿಲ್ಲ. ನಾನು ಹೋಗುವುದಿಲ್ಲ. ಯಾಕೆ ಎಂದು ಪೂರ್ತಿ ಬರೆಯುತ್ತೇನೆ, ಅರ್ಧಕ್ಕೆ ಮಡಚಿ ಇಡಬೇಡ.

ಇಷ್ಟು ವರ್ಷದಿಂದ ಮಕ್ಕಳಿಗೆ ಜಲಪಾತ ಅಂದರೇನು ಎಂದು ಬೋರ್ಡಿನ ಮೇಲೆ ಗೆರೆ ಎಳೆದು ಹೇಳುತ್ತಿದ್ದೇನೆ. ನಾನು ಕಂಡದ್ದು ಕೆರೆ ಕೋಡಿ ಮಾತ್ರ. ಈ ದಸರಾ ರಜಕ್ಕೆ ಚುಂಚನಕಟ್ಟೆಗೆ ಹೋಗೋಣ, ಗಾಡಿಯಲ್ಲೇ ಮಲಗಿ ಗಾಡಿಯಲ್ಲೇ ಉಂಡು ಬರೋಣ ಎಂದಾಗ ಅವ್ವ ನನ್ನ ಹಣೆ ಮುಟ್ಟಿ ನೋಡಿದಳು. 'ಯಾವ ಅರಕೆ ಕಣವ್ವಾ?' ಎಂದಳು. ಹರಕೆ ಇಲ್ಲ, ನೀರು ನೋಡಲಿಕ್ಕೆ ಎಂದೆ. ಅವಳಿಗೆ ಅರ್ಥವೇ ಆಗಲಿಲ್ಲ. ಪಾಪ, ಅವಳ ಆಯುಷ್ಯದಲ್ಲಿ ಊರು ಬಿಟ್ಟು ಹೋದದ್ದು ಕೂಲಿಗೆ, ಸಾವಿಗೆ, ಇಲ್ಲ ದೇವರಿಗೆ. ಸುಮ್ಮನೆ ಹೋಗುವುದು ಗೌಡರ ಮನೆಯವರ ಕೆಲಸ. ನೀನೂ ಆಗ ಬರೆದೆಯಲ್ಲ, ಯಾರು ಕೇಳಿದರೂ ಹರಕೆ ಎಂದೇ ಹೇಳಿ ಎಂದು. ಕೊನೆಗೆ ಅತ್ತಿಗೆಯೇ ಎದ್ದು ಗಾಡಿಗೆ ಹುಲ್ಲು ಹಾಸಿದಳು. ಅವ್ವ ಹೆಣೆದ ಈಚಲು ಚಾಪೆಯನ್ನು ಬಿದಿರು ದಬ್ಬೆಗೆ ಬಿಗಿದು ಕಮಾನು ಕಟ್ಟಿದೆವು. ಒಳಗೆ ರಾಗಿ ಹಿಟ್ಟು, ಹುರುಳಿ, ಉಪ್ಪು, ಮೆಣಸಿನಕಾಯಿ, ಕಂಬಳಿ. ಅಡಿಗೆ ಮಡಕೆ ಗಾಡಿಯ ಕೆಳಗೆ ನೇತುಹಾಕಿದ್ದು. ಪಕ್ಕದ ಮನೆ ಬೈರಯ್ಯ ಮಾವ ಎತ್ತು ಹೊಡೆಯಲು ಬಂದ. ಆ ಗಾಡಿಯ ಚೆಲುವು ನೋಡಬೇಕಿತ್ತು ನೀನು, ಒಂದು ಮನೆಯೇ ಚಕ್ರ ಹಾಕಿಕೊಂಡು ಹೊರಟ ಹಾಗಿತ್ತು.

ಹೊರಡುವಾಗ ನಾವು ಎಲ್ಲ ಪದ್ಧತಿಯನ್ನೂ ಮಾಡಿದೆವು. ಅದನ್ನು ದೇವರಾಜು ನಿನಗೆ ಬರೆದಿರಲಾರ. ಗೌಡರ ಬೀದಿ ಬರುತ್ತಲೇ ನಮ್ಮ ಕೇರಿಯವರು ಏನೇನು ಮಾಡಬೇಕೋ ಅದನ್ನೆಲ್ಲ ಮಾಡಿದೆವು. ಕಟ್ಟಿದ ಕಮಾನು ಬಿಚ್ಚಿದೆವು. ಗಾಡಿಯಿಂದ ಇಳಿದು, ಚಪ್ಪಲಿ ಕೈಯಲ್ಲಿ ಹಿಡಿದು, ಅವ್ವ ಆ ಮಂಡಿ ಹೊತ್ತುಕೊಂಡು ಬೀದಿಯ ಉದ್ದಕ್ಕೂ ನಡೆದಳು. ಊರ ಬಾಗಿಲು ದಾಟಿದ ಮೇಲೆ ಮತ್ತೆ ಕಟ್ಟಿಕೊಂಡೆವು. ಅವ್ವ ಬೇಡಿಕೊಂಡಳೆಂದು ನಾನು ಹಲ್ಲು ಕಚ್ಚಿಕೊಂಡೆ. ಅಲ್ಲಿಗೇ ಮುಗಿದಿದ್ದರೆ ನಿನ್ನ ಕಾಗದಕ್ಕೆ ನಾನು ಇಷ್ಟು ಉದ್ದ ಉತ್ತರ ಬರೆಯುತ್ತಿರಲಿಲ್ಲ.

ಸಾಲಿಗ್ರಾಮದ ದಾರಿಯಲ್ಲಿ ಒಂದು ಊರು ಬಂತು. ಅದರ ಹೆಸರು ನಮಗೆ ಯಾರಿಗೂ ಗೊತ್ತಿಲ್ಲ, ನಾವು ಯಾರು ಎಂದು ಅಲ್ಲಿ ಒಂದು ನಾಯಿಗೂ ಗೊತ್ತಿಲ್ಲ. ಆದರೂ ಊರ ಬಾಗಿಲು ಕಂಡದ್ದೇ ತಡ, ಬೈರಯ್ಯ ಮಾವ ಕೆಳಗೆ ಹಾರಿದ. ಅವ್ವ ಇಳಿದಳು, ಅತ್ತಿಗೆ ಇಳಿದಳು, ಹೇಳುತ್ತೇನೆ ಕೇಳು, ಪಾಠ ಹೇಳುವ ನಿನ್ನ ತಂಗಿಯೂ ಇಳಿದಳು. ಚಾಪೆಯ ಹುರಿ ಬಿಚ್ಚಲು ಕೈ ಹಾಕಿದ್ದೆವು. ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದ ಒಂದು ಅಜ್ಜಿ, 'ಯಾಕ್ರವ್ವಾ ಎಲ್ಲಾ ಇಳಿದ್ರಿ? ಗಾಡಿ ಕೀಲು ಮುರೀತಾ?' ಎಂದು ಕೇಳಿತು. ನಿಜವಾಗಿಯೂ ಕೇಳಿದ್ದು, ಕುಹಕ ಇಲ್ಲ. ಅವ್ವ ಬಗ್ಗಿ ಚಕ್ರ ನೋಡಿದಳು. ನಾವೆಲ್ಲ ಬಗ್ಗಿ ನೋಡಿದೆವು. ಅಣ್ಣಯ್ಯ, ನನ್ನ ಮೈ ಉರಿದುಹೋಯಿತು. ಯಾರೂ ಹೇಳಲಿಲ್ಲ, ಯಾರೂ ಗದರಲಿಲ್ಲ, ನಾವೇ ಇಳಿದಿದ್ದೆವು.

ಇನ್ನು ನೀರಿನ ವಿಷಯ. ದೂರದಲ್ಲೇ ಸದ್ದು ಕೇಳಿಸಿತು, ಅವ್ವ ರೈಲು ಎಂದಳು. ಹೊಳೆ ದಂಡೆಯ ಹೊಂಗೆ ಮರದ ಕೆಳಗೆ ಗಾಡಿ ಬಿಟ್ಟು, ಮೂರು ಕಲ್ಲು ಹೂಡಿ, ಮುದ್ದೆ ಮಾಡಿ, ಬೈರಯ್ಯ ಮಾವ ಹಿಡಿದು ತಂದ ಮೀನಿನ ಸಾರು ಮಾಡಿದೆವು. ಬೆಳಿಗ್ಗೆ ಬಂಡೆಗಳ ನಡುವೆ ಕೆಳಗಿಳಿದೆವು. ದಾರಿ ಎಂಬುದೇ ಇಲ್ಲ, ಪಾಚಿ, ಜಾರು, ಮುಳ್ಳು. ಅವ್ವ ಕೋಲು ಊರಿಕೊಂಡು, ಆಗದ ಕಡೆ ಕೂತುಕೊಂಡೇ ಜಾರಿಕೊಂಡು ಬಂದಳು. ಸೀರೆ ಹರಿಯಿತು, ಅದಕ್ಕೂ ನಕ್ಕಳು. ತುಂತುರು ಮುಖಕ್ಕೆ ಹೊಡೆಯುವಷ್ಟು ಹತ್ತಿರ ಹೋಗಿ ನಿಂತೆವು. ಕಾವೇರಿ ಎರಡು ಹೋಳಾಗಿ ಬೀಳುತ್ತದೆ, ಎದೆಯೊಳಗೆಲ್ಲ ಅದೇ ಸದ್ದು. ನಾನು ಬೋರ್ಡಿನ ಮೇಲೆ ಎಳೆಯುತ್ತಿದ್ದ ಗೆರೆ ನೆನೆದು ನಾಚಿಕೆಯಾಯಿತು. ಅವ್ವ ನೋಡಿಯೇ ನೋಡಿದಳು. 'ಇಷ್ಟೊಂದ್ ನೀರು, ಯಾರ್ನೂ ಕೇಳ್ದಂಗೆ ಬೀಳ್ತಾ ಅದಲ್ಲವ್ವಾ' ಎಂದಳು. ಆಮೇಲೆ ಹೊಳೆಗೆ ಇಳಿದು ಕೊಡ ತುಂಬಿದಳು, ಚೆಲ್ಲಿದಳು, ಮತ್ತೆ ತುಂಬಿದಳು, ಮತ್ತೆ ಚೆಲ್ಲಿದಳು. ಊರ ಬಾವಿಯ ಪಕ್ಕದಲ್ಲಿ ಕೊಡ ಇಟ್ಟುಕೊಂಡು, ಯಾರಾದರೂ ಬಂದು ಸೇದಿ ಹೊಯ್ಯಲಿ ಎಂದು ಅವಳು ಕುಳಿತಿದ್ದ ಬೆಳಗುಗಳೆಲ್ಲ ನಿನಗೂ ಗೊತ್ತು. ನನಗೆ ಅಳು ಬಂತು. ಅತ್ತಿಗೆ ಬಿಸಿಲಿಗೆ ಕಾದ ಬಂಡೆಯ ಮೇಲೆ ಹಾಡುಹಗಲೇ ಮಲಗಿ ನಿದ್ದೆ ಮಾಡಿದಳು. ಈ ಮನೆಗೆ ಬಂದ ಮೇಲೆ ಅವಳು ಹಗಲು ಮಲಗಿದ್ದನ್ನು ನಾನು ಕಂಡಿರಲಿಲ್ಲ, ನೀನು ಕಂಡಿದ್ದೀಯಾ? ಜಲಪಾತದ ಪಕ್ಕದ ದೇವಸ್ಥಾನಕ್ಕೆ ಬಂದಿದ್ದ ಹೆಂಗಸರು ಯಾವ ಹರಕೆ ಎಂದು ಕೇಳಿದರು. ನಾನು ಬಾಯಿ ತೆಗೆಯುವ ಮೊದಲೇ ಅವ್ವ, 'ಅರಕೆ ಗಿರಕೆ ಏನಿಲ್ಲ ಕಣವ್ವಾ, ನೀರ್ ನೋಡಾಕ್ ಬಂದೋ' ಎಂದುಬಿಟ್ಟಳು.

ಈಗ ವಾಪಸು ಬಂದ ದಿನ. ಊರ ಬಾಗಿಲು ಕಂಡಿತು. ಬೈರಯ್ಯ ಮಾವ ಹಗ್ಗ ಸಡಿಲಿಸಿ ನನ್ನ ಕಡೆ ನೋಡಿದ. ನಾನು ಅವ್ವನ ಕಡೆ ನೋಡಿದೆ, ಅವಳ ಮಾತಿಗೆ ಬಿಟ್ಟಿದ್ದೆ. ಅವ್ವ ಕಾಲು ಚಾಚಿಕೊಂಡು, 'ನಡೀಲಿ' ಎಂದಳು. ಗಾಡಿ ನಡೆಯಿತು. ದೇವರಾಜು ಜಗಲಿಯ ಮೇಲಿದ್ದ. 'ಏನ್ಲಾ ಬೈರಾ, ಇಳಿಯಾಕೆ ಕಾಲ್ ನೋವೇನ್ಲಾ?' ಎಂದ. ಬೈರಯ್ಯ ಮಾವನ ಕೈ ನಡುಗಿತು, ಅದನ್ನೂ ಮುಚ್ಚಿಡುವುದಿಲ್ಲ. ಉತ್ತರ ಕಮಾನಿನ ಒಳಗಿನಿಂದ ಬಂತು. 'ಅವ್ನ ಕಾಲಲ್ಲ ಬುದ್ದಿ, ನಂದು. ಬಂಡೆ ಅತ್ತಿ ಇಳ್ದು ಸಾಕಾಗದೆ. ಇನ್ ಇಳಿಯಾಕಾಗಾಕಿಲ್ಲ.' ಎಷ್ಟು ನಯವಾಗಿ ಹೇಳಿದಳು ಎಂದರೆ ದೇವರಾಜುವಿಗೆ ಬೈಯಲು ತುದಿ ಸಿಗಲಿಲ್ಲ. ನಾವು ಕೇರಿ ಮುಟ್ಟಿದ ಮೇಲೆ ಅವನಿಗೆ ಕೋಪ ಬಂತು. ಗೌಡರ ಮನೆಯವರು ಬೈರಯ್ಯ ಮಾವನನ್ನು ಗದ್ದೆ ಕೆಲಸಕ್ಕೆ ಕರೆಯುವುದನ್ನು ಬಿಟ್ಟರು. ಅವನು ಈಗ ರಾಮನಾಥಪುರದ ಕಡೆ ಹೊಗೆಸೊಪ್ಪಿನ ಕೆಲಸಕ್ಕೆ ಬಸ್ಸಿನಲ್ಲಿ ಹೋಗಿಬರುತ್ತಾನೆ. ಮೊನ್ನೆ ನಾನು ಬೇಜಾರು ಮಾಡಿಕೊಂಡರೆ, ಬಸ್ಸಿನಲ್ಲಿ ಕೂತೇ ಹೋಗುತ್ತೇನೆ ಬಿಡವ್ವಾ ಎಂದು ನನಗೇ ಸಮಾಧಾನ ಹೇಳಿದ.

ಇದರಲ್ಲಿ ತಪ್ಪಾಯಿತು ಎಂದು ನಾನು ಹೇಳಬೇಕಾದ್ದು ಯಾವುದು? ಅವ್ವನ ಮಂಡಿಯೇ? ಅತ್ತಿಗೆಯ ನಿದ್ದೆಯೇ? ಭದ್ರಾವತಿಯಲ್ಲಿ ಯಾರ ಮನೆ ಮುಂದಾದರೂ ನೀನು ಸೈಕಲ್ಲಿನಿಂದ ಇಳಿದು ತಳ್ಳುತ್ತೀಯಾ? ಊರಿಗೆ ಬಂದಾಗ ಮಾತ್ರ ಆ ಷೂ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಳ್ಳುತ್ತೀಯಲ್ಲ, ನೋಡಿ ನೋಡಿ ನನ್ನ ಹೊಟ್ಟೆ ಉರಿದಿದೆ. ನೀನು ಹೆದರುವುದು ಮಗನಿಗಾಗಿ, ಗೊತ್ತು. ನನಗೂ ಅವನು ಮಗನೇ. ಗಂಗಯ್ಯನವರು ಈ ಕಾರಣಕ್ಕೆ ಸಂಬಂಧ ಬೇಡ ಎಂದರೆ ನಾನು ಅವರ ಕಾಲು ಹಿಡಿದೇನು, ದೇವರಾಜುವಿನದು ಮಾತ್ರ ಹಿಡಿಯುವುದಿಲ್ಲ. ನನ್ನ ಮೇಲೆ ಕೋಪ ಇದ್ದರೆ ಇರಲಿ, ಊಟ ಬಿಡಬೇಡ.

ಅವ್ವ ನಿನ್ನ ತಲೆ ಸವರಿದ್ದಾಳೆ ಎಂದು ತಿಳಿದುಕೊ. ಅತ್ತಿಗೆ, ಬಂಡೆಯ ಮೇಲೆ ಮಲಗಿದ್ದನ್ನು ಬರೆಯಬೇಡ ಎಂದಿದ್ದಳು, ಬರೆದಾಗಿದೆ. ನಿನ್ನ ಕೋಪಕ್ಕೂ ನನ್ನ ನಮಸ್ಕಾರ.

ನಿನ್ನ ತಂಗಿ,
ಪಾರ್ವತಿ

ಮರೆಯುವ ಮುಂಚೆ: ಕಾಗದ ಅಂಟಿಸಲು ಅಂಟು ಹುಡುಕುತ್ತಿದ್ದೆ, ಗಂಗಯ್ಯನವರು ಬಂದರು. ದೇವರಾಜು ಅವರಿಗೂ ಹೇಳಿಕಳಿಸಿದ್ದನಂತೆ. ಅವರು ನೀರು ಕುಡಿದು ಹೇಳಿದ್ದು ಇಷ್ಟು: 'ನಮ್ ಮಗ್ಳು ಸುವರ್ಣ ಒಂದೇ ಮಾತಂದ್ಲು ಕಣವ್ವಾ. ಆ ಕಮಾನು ಗಾಡೀಲಿ ಮನೆ ಬಾಗ್ಲುಗಂಟ ಕರ್ಕೊಂಡೋದ್ರೆ ಬತ್ತೀನಿ, ಬೀದೀಲಿ ಇಳೀಬೇಕು ಅಂದ್ರೆ ಈ ಮದ್ವೆನೇ ಬ್ಯಾಡ ಅಂದ್ಲು.' ನಿನ್ನನ್ನು ಕೇಳದೆ ನಿನ್ನ ಪರವಾಗಿ ಮಾತು ಕೊಟ್ಟುಬಿಟ್ಟೆ. ಹೆಣ್ಣಿನ ಗಾಡಿ ಹೊಡೆಯುವವರು ಯಾರು ಎಂದರು. ಹುಡುಗನ ಅಪ್ಪನೇ ಎಂದೆ. ಮಾಘಕ್ಕೆ ರಜ ಹಾಕಿಕೊಂಡು ಬಾ, ಅಣ್ಣಯ್ಯ. ಊರ ಬಾಗಿಲಲ್ಲಿ ಕೈ ನಡುಗಿದರೆ ಹಗ್ಗ ನನ್ನ ಕೈಗೆ ಕೊಡು. ಇಳಿಯಬೇಡ.