ಮೊದಲ ಪ್ರಶ್ನೆ ಊರಿನವರದು

ಮನೆಯಿಂದ
ಮಾರ್ಚ್ 9, ಭಾನುವಾರ

ಪ್ರೀತಿಯ ತಮ್ಮಾ,

ಬೆನ್ನುನೋವು ಹೇಗಿದೆ? ಒಂದು ವರ್ಷ ಪಾಠ ಹೇಳಲು ಕರೆಸಿಕೊಂಡವರು ನೆಟ್ಟಗಿನ ಕುರ್ಚಿಯನ್ನಾದರೂ ಕೊಟ್ಟಿದ್ದಾರೆಯೇ? ಸಂಜೆ ಎರಡು ಸುತ್ತು ನಡೆಯಲು ನಿನಗೇನು ಧಾಡಿ? ನಾನು ಗಟ್ಟಿಯಾಗಿದ್ದೇನೆ. ಸಿಟ್ಟು ಬಂದರೆ ನನ್ನ ಮಂಡಿ ನೋಯುವುದಿಲ್ಲ. ನಿನ್ನೆಯಿಂದ ನೋವೇ ಇಲ್ಲ.

ಕಾರಣ, ಇಲ್ಲಿನ ನಿನ್ನ ವಿಶ್ವವಿದ್ಯಾಲಯ. ಶನಿವಾರದ ಉಪನ್ಯಾಸಕ್ಕೆ ಎಂದಿನಂತೆ ಹೋದರೆ ಗೇಟಿನಲ್ಲಿ ನಮ್ಮ ಮೀಸೆ ಕಾವಲುಗಾರ ಅಡ್ಡ ನಿಂತ. "ಅಕ್ಕಾ, ಗುರುತಿನ ಚೀಟಿ ಇಲ್ದೋರನ್ನ ಬಿಡಬಾರ್ದಂತೆ. ನನ್ನ ಬೈಬೇಡಿ" ಎಂದು ನೆಲ ನೋಡಿದ. "ನೀನು ಕೆಲಸಕ್ಕೆ ಸೇರೋ ಮೊದ್ಲಿಂದ ಬರ್ತಿದೀನಿ ಕಣೋ" ಎಂದೆ. ಪಾಪ, ತನ್ನ ಸ್ಟೂಲು ಕೊಟ್ಟ, ಒಳಗೆ ಬಿಡಲಿಲ್ಲ. ದರ್ಜಿ, ನರ್ಸಮ್ಮ, ಪ್ಲಂಬರ್, ಎಲ್ಲರೂ ಹೊರಗೇ. ಉಪನ್ಯಾಸ ನಡೆಯುವ ಆ ಸಭಾಂಗಣಕ್ಕೆ ಜಾಗ ಬಿಟ್ಟುಕೊಟ್ಟಾಗ ಊರು ಹಾಕಿದ್ದು ಒಂದೇ ಷರತ್ತು: ಭಾಷಣ ಮುಗಿದ ಮೇಲೆ ಮೊದಲ ಪ್ರಶ್ನೆ ಊರಿನವರದು, ಆಮೇಲೆ ವಿದ್ಯಾರ್ಥಿಗಳದು, ಕಟ್ಟಕಡೆಗೆ ಪ್ರೊಫೆಸರುಗಳದು. ಮೂವತ್ತೆಂಟು ವರ್ಷ ಪತ್ರಿಕೆಯ ಕರಡು ತಿದ್ದಿದ ನನಗೆ ಅಷ್ಟೂ ಮರೆತುಹೋಗುತ್ತದೆ ಎಂದುಕೊಂಡರೇ ಇವರು?

ನಗರದ ನೀರಿನ ಬಗ್ಗೆ ಭಾಷಣ ನಡೆದ ದಿನ ನೆನಪಿದೆಯಾ? ನಮ್ಮ ಪ್ಲಂಬರ್ ಎದ್ದು, "ಸಾರ್, ನೀವು ತೋರಿಸ್ತಿರೋ ಪೈಪನ್ನ ಹತ್ತು ವರ್ಷದ ಹಿಂದೆ ನಾನೇ ಕಿತ್ತುಹಾಕಿದೀನಿ. ಅದ್ರಲ್ಲಿ ನೀರು ಹೆಂಗೆ ಹರಿಯುತ್ತೆ?" ಎಂದ. ಮೇಷ್ಟ್ರು ಪೆಚ್ಚಾದರೂ ದೊಡ್ಡ ಮನುಷ್ಯ. ಸೀಮೆಸುಣ್ಣವನ್ನು ಅವನ ಕೈಗೇ ಕೊಟ್ಟರು. ಅವನು ನಕ್ಷೆ ಬರೆದ, ಹುಡುಗರು ಬಗ್ಗಿ ಬರೆದುಕೊಂಡರು. ವಿಶ್ವವಿದ್ಯಾಲಯ ಎಂದರೆ ನನಗೆ ಅದು. ಈಗ ಶಿಸ್ತಂತೆ! ನಾಳೆಯಲ್ಲ, ಅದರ ಮುಂದಿನ ಸೋಮವಾರ, ಹದಿನೇಳಕ್ಕೆ, ಆಡಳಿತ ಮಂಡಳಿ ಸೇರುತ್ತದೆ. ಸದಸ್ಯರಲ್ಲಿ ಒಬ್ಬರೂ ಆಕ್ಷೇಪಿಸದಿದ್ದರೆ ಗೇಟು ನಮ್ಮ ಪಾಲಿಗೆ ಶಾಶ್ವತವಾಗಿ ಮುಚ್ಚಿದಂತೆ.

ಇರಲಿ, ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನಗೆ ಒಳ್ಳೆಯದಾಗಲಿ, ನಿನ್ನ ಕೈಕೆಳಗೆ ಕಲಿಯುವವರಿಗೂ ಆಗಲಿ.

ನಿನ್ನ
ಅಕ್ಕ

ಮತ್ತೆ: ಬರೆಯಲೋ ಬೇಡವೋ ಎಂದು ಲಕೋಟೆ ಅಂಟಿಸದೆ ಕೂತಿದ್ದೆ. ಗೇಟಿಗೆ ಅಂಟಿಸಿದ ಆದೇಶವನ್ನು ಕೊನೆಯ ಸಾಲಿನವರೆಗೂ ಓದಿದೆ. ಮಂಡಳಿಯ ಸದಸ್ಯರ ಐದು ಸಹಿಗಳಲ್ಲಿ ಮೂರನೆಯದು ನಿನ್ನದು. ಅವರು ಅಲ್ಲಿಗೆ ಕಳಿಸಿದ್ದನ್ನು ಓದದೆಯೇ ಸಹಿ ಹಾಕಿರುತ್ತೀಯ. ಪರೀಕ್ಷೆಯಲ್ಲೂ ಪ್ರಶ್ನೆ ಓದದೆ ಉತ್ತರ ಬರೆದವನಲ್ಲವೇ ನೀನು! ಹದಿನೇಳರೊಳಗೆ ನಿನ್ನ ಆಕ್ಷೇಪಣೆ ಅವರ ಕೈ ಸೇರಬೇಕು. ಊರಿನ ಉಳಿದವರು ಯಾರೂ ಆ ಸಹಿಗಳನ್ನು ನೋಡಿಲ್ಲ. ಗೇಟಿನ ಹೊರಗೆ ಪ್ಲಂಬರ್, "ನಿಮ್ಮ ತಮ್ಮ ಊರಲ್ಲಿದ್ದಿದ್ರೆ ಹೀಗಾಗೋಕೆ ಬಿಡ್ತಿದ್ರಾ ಅಕ್ಕಾ?" ಎಂದ. ಖಂಡಿತ ಬಿಡುತ್ತಿರಲಿಲ್ಲ ಎಂದುಬಿಟ್ಟಿದ್ದೇನೆ.