ಕಾರು ನಿಲ್ಲಿಸು ಎಂದವನು

ಅಪ್ಪ,

ಮಂತ್ರಿಗಳ ಕೊಲೆ ಪ್ರಕರಣದ ಮರುವಿಚಾರಣೆಯಲ್ಲಿ ಇವತ್ತು ಅವರ ಅಂಗರಕ್ಷಕನಿಗೆ ಪಾಟೀಸವಾಲು ಹಾಕಿದೆ. ಅಂದು ನೀನು ಓಡಿಸುತ್ತಿದ್ದ ಕಾರಿನಲ್ಲಿ ಮುಂದೆ ಕೂತಿದ್ದವನು. ಈಗ ಕಟಕಟೆ ಹಿಡಿಯದೆ ನಿಲ್ಲಲಾರ.

"ಕೊಲೆ ನಡೆದ ತಿರುವಿನಲ್ಲಿ ಡ್ರೈವರ್ ತಾನಾಗಿಯೇ ನಿಲ್ಲಿಸಿದರಾ?" ಎಂದು ಕೇಳಿದೆ.

"ಇಲ್ಲಮ್ಮ, ನಾನೇ ನಿಲ್ಸು ಅಂದೆ. ನಂಗೆ ಮೇಲಿನೋರು ಹಾಗೆ ಹೇಳಿದ್ರು. ಆ ಮನುಷ್ಯನಿಗೆ ಏನೂ ಗೊತ್ತಿರ್ಲಿಲ್ಲ."

ಜೈಲಿನಿಂದ ನೀನು ಬರೆದದ್ದೂ ಇದನ್ನೇ. ಒಮ್ಮೆ ಬಂದು ಹೋಗು ಎಂದೂ ಬರೆದಿದ್ದೆ. ನಾನು ಪರೀಕ್ಷೆಯ ನೆಪ ಹೇಳಿದೆ. ಮುಂದಿನ ತಿಂಗಳು ಅಲ್ಲಿಂದ ನಿನ್ನ ಕನ್ನಡಕವೂ ಚಪ್ಪಲಿಯೂ ಬಂದವು.

ಕಲಾಪ ಮುಗಿದ ಮೇಲೆ ಅವನು ನನ್ನ ಮೇಜಿನ ಹತ್ತಿರ ಬಂದ. "ಡ್ರೈವರ್ ಕಡೆಯೋರು ಯಾರಾದ್ರೂ ಇದಾರಾ ತಾಯಿ? ಕ್ಷಮೆ ಕೇಳ್ಬೇಕಿತ್ತು."

"ಮಗಳಿದಾಳೆ, ಹೇಳ್ತೀನಿ" ಎಂದೆ.

ಆ ಮಗಳು ನಾನೇ ಎನ್ನಲು ಇವತ್ತೂ ಬಾಯಿ ಬರಲಿಲ್ಲ.