ಹಳದಿ ದೀಪ ಹತ್ತದ ಗಾಡಿ

ಆಮೋಸ್, ಕ್ವೆಬೆಕ್
ನವೆಂಬರ್ 19, ಮಂಗಳವಾರ

ನನ್ನ ಮುದ್ದು ಕ್ಲೋಡೀ ಅಕ್ಕಾ,

ಮೊದಲೇ ಹೇಳಿಬಿಡುತ್ತೇನೆ, ನಾನು ಸುಖವಾಗಿದ್ದೇನೆ! ಅಕ್ಷರ ಸೊಟ್ಟಗಿದ್ದರೆ ನಗಬೇಡ, ಬಲಗೈ ಮಣಿಕಟ್ಟಿಗೆ ಪಟ್ಟಿ ಕಟ್ಟಿದ್ದಾರೆ. ಫೋನು ಮಾಡಿದರೆ ನಿನ್ನ ದನಿ ಕೇಳಿ ಅತ್ತುಬಿಡುತ್ತೇನೆ, ಅದಕ್ಕೇ ಪತ್ರ.

ಹಿಮದಲ್ಲಿ ಜಾರದಂಥ ಚಳಿಗಾಲದ ಚಕ್ರ ಹಾಕಿಸುವುದನ್ನು ನಾವು ಮಾಂಟ್ರಿಯಲ್‌ನಲ್ಲಿ ಗ್ಯಾರೇಜಿಗೆ ಬಿಟ್ಟು ಕಾಫಿ ಕುಡಿಯುತ್ತಾ ಕೂರುತ್ತಿದ್ದೆವಲ್ಲ, ಇಲ್ಲಿ ಹಾಗೆ ಮಾಡಿದರೆ ಮಾನವೇ ಹೋದಂತೆ. ನನ್ನ ರೆಮಿಯ ಮನೆಯಲ್ಲಿ ಅದೊಂದು ಹಬ್ಬ. ಅಂಗಳದ ತುಂಬಾ ಜ್ಯಾಕು, ಬಿಯರು, ಅತ್ತೆ ಜಿನೆತ್ ಮಾಡಿದ ಬಿಸಿಬಿಸಿ ಮಾಂಸದ ಕಡುಬು. ಈ ಫ್ರೆಂಚ್ ಊರಿನಲ್ಲಿ ಇಂಗ್ಲಿಷ್ ಶಾಲೆಯಲ್ಲಿ ಓದಿದವಳು ನಾನೊಬ್ಬಳೇ, ಅದಕ್ಕೇ ಮಾವ ಗಾಸ್ತೋ ನನ್ನನ್ನು ಕರೆಯುವುದೇ ಇಂಗ್ಲಿಷ್ ರಾಣಿ ಅಂತ. ಎಡಕ್ಕೆ ತಿರುಗಿಸಿದ್ರೆ ನಟ್ಟು ಬಿಚ್ಚುತ್ತೆ ಕಣಮ್ಮ ರಾಣಿ, ನಿಮ್ಮ ಇಂಗ್ಲಿಷ್ ಸ್ಕೂಲಲ್ಲಿ ಇದೊಂದು ಬಿಟ್ಟು ಎಲ್ಲಾ ಕಲಿಸಿದಾರೆ ಅಂತ ಛೇಡಿಸಿದರು. ನಾನೂ ನಕ್ಕೆ. ಮದುವೆಯಾದ ಮೊದಲ ವರ್ಷ ಏನಂದರೂ ನಗು ಬರುತ್ತದೆ.

ಗಾಳಿ ಕಡಿಮೆಯಾದರೆ ಗಾಡಿಗೆ ತಿಳಿಸಲು ಚಕ್ರದೊಳಗೆ ಪುಟ್ಟ ಸೆನ್ಸರ್ ಇರುತ್ತದಲ್ಲ, ರೆಮಿಯ ಚಳಿಗಾಲದ ಚಕ್ರಗಳಲ್ಲಿ ಅದಿಲ್ಲ. ಹಾಕಿದ ಕೂಡಲೇ ಅವನ ಪಿಕಪ್‌ನಲ್ಲಿ ಹಳದಿ ದೀಪ ಹತ್ತಿತು. ಆರು ತಿಂಗಳು ಇದು ನನ್ನ ಮುಖ ನೋಡ್ತಾ ಇರಬೇಕಾ ಅಂತ ಗೊಣಗಿದ. ಬೇಸಿಗೆಯ ಟೈರುಗಳು ಹೇಗೂ ಸವೆದಿದ್ದವು. ಅವುಗಳೊಳಗಿನ ಸೆನ್ಸರ್‌ಗಳನ್ನು ಬಿಚ್ಚಿ, ಒಂದು ಪ್ಲಾಸ್ಟಿಕ್ ಪೈಪಿನೊಳಗೆ ಹಾಕಿ, ಎರಡೂ ಬಾಯಿ ಅಂಟಿಸಿ, ಗಾಳಿ ತುಂಬಿ, ಸೀಟಿನ ಹಿಂದೆ ಎಸೆದ. ದೀಪ ಆರಿತು! ಪೈಪಿನ ಗಾಳಿಯನ್ನೇ ಗಾಡಿ ಚಕ್ರದ ಗಾಳಿ ಅಂದುಕೊಂಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಗಂಡ ಎಷ್ಟು ಜಾಣ ಅಂತ ಎಲ್ಲರೆದುರೇ ಮುತ್ತು ಕೊಟ್ಟೆ, ಅಕ್ಕಾ.

ಹೋದ ವಾರ ಅದೇ ಪಿಕಪ್‌ನಲ್ಲಿ ಅತ್ತೆಯನ್ನು ಕಣ್ಣಿನ ಡಾಕ್ಟರ ಬಳಿ, ಹತ್ತಿರದ ಊರಾದ ವಾಲ್‌ದೋರ್‌ಗೆ ಕರೆದೊಯ್ಯುತ್ತಿದ್ದೆ. ಗಾಡಿ ಬಲಕ್ಕೆ ಎಳೆಯತೊಡಗಿತು. ನಿಲ್ಲಿಸಿ ರೆಮಿಗೆ ಫೋನು ಮಾಡಿದೆ. ಸ್ಟೇರಿಂಗ್ ಮುಂದಿನ ಪರದೆ ನೋಡು, ಚಕ್ರದಲ್ಲಿ ಗಾಳಿ ಎಷ್ಟಿದೆ ಅಂತ ತೋರಿಸುತ್ತೆ ಅಂದ. ನಾಲ್ಕಕ್ಕೂ ಸರಿ ಇದೆ ಅಂದೆ. ಹಾಗಾದ್ರೆ ಸರಿ ಇದೆ, ಅದು ಹೊರಗಿನ ಗಾಳಿ ಹೊಡೆತ, ಸ್ಟೇರಿಂಗ್ ಗಟ್ಟಿ ಹಿಡ್ಕೊ ಚಿನ್ನ, ನಾನು ಕೆಲಸದಲ್ಲಿದೀನಿ ಅಂದ. ತಾನೇ ಮಾಡಿದ ಪೈಪು ಅವನಿಗೆ ನೆನಪಾಗಲಿಲ್ಲ. ನನಗೂ. ಮುಂದಿನ ತಿರುವಿನಲ್ಲಿ ಬಲಚಕ್ರದ ಟೈರು ಕಳಚಿ ಪಿಕಪ್ ಹಳ್ಳಕ್ಕೆ ಇಳಿಯಿತು. ಅತ್ತೆಯ ಸೊಂಟದ ಮೂಳೆ ಮುರಿದಿದೆ.

ಆಂಬುಲೆನ್ಸಿಗಿಂತ ಮೊದಲು ರೆಮಿಯೇ ಗೆಳೆಯನ ಗಾಡಿಯಲ್ಲಿ ಬಂದ. ಬಾಗಿಲು ತೆಗೆದು, ಸೀಟಿನ ಹಿಂದೆ ಕೈಹಾಕಿ, ಪೈಪು ತೆಗೆದು ಗೆಳೆಯನ ಕೈಗೆ ಕೊಟ್ಟ. ಆಮೇಲೆ ಅಮ್ಮಾ ಅಂದ. ಆಮೇಲೆ ನನ್ನ ಹೆಸರು ಹೇಳಿದ.

ಆಸ್ಪತ್ರೆಯಲ್ಲಿ ಎಲ್ಲರೆದುರು, ಪಾಪ ಇವಳಿಗೆ ಹಿಮದ ಮೇಲೆ ಓಡಿಸಿ ಅಭ್ಯಾಸ ಇಲ್ಲ ಅಂದ. ಮಾವ, ಇಂಗ್ಲಿಷ್ ರಾಣಿಗೆ ಇನ್ಮೇಲೆ ಕುದುರೆ ಗಾಡಿನೇ ಸರಿ ಅಂದರು. ಈ ಸಲ ಯಾರೂ ನಗಲಿಲ್ಲ. ಅತ್ತೆ ಅಂದಿನಿಂದ ನನ್ನತ್ತ ನೋಡುತ್ತಿಲ್ಲ. ಅದೊಂದೇ ನನಗೆ ತಡೆಯಲಾಗದು. ರೆಮಿಯನ್ನು ಬಿಟ್ಟರೆ ಈ ಊರಿನಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದವರು ಅವರೊಬ್ಬರೇ.

ಮನೆಗೆ ಬಂದ ಮೇಲೆ ರೆಮಿ ನನ್ನ ಮಡಿಲಲ್ಲಿ ತಲೆಯಿಟ್ಟು ಅತ್ತ. ಅಮ್ಮಂಗೆ ನಾನೊಬ್ನೇ ಮಗ ಕಣೇ, ನಿನ್ನ ತಪ್ಪು ಅಂದ್ಕೊಂಡ್ರೆ ಸ್ವಲ್ಪ ದಿನ ಮುನಿಸ್ಕೋತಾಳೆ ಅಷ್ಟೆ, ನನ್ನ ತಪ್ಪು ಅಂತ ಗೊತ್ತಾದ್ರೆ ಎದೆ ಒಡೆದುಕೋತಾಳೆ ಅಂದ. ಎಷ್ಟು ಮೃದು ಮನಸ್ಸು ನೋಡು ಅವನದು! ಕೊನೆಗೆ ನಾಳೆ ತಾನೇ ಅವರಿಗೆ ನಿಜ ಹೇಳುತ್ತೇನೆಂದು ಮಾತು ಕೊಟ್ಟಿದ್ದಾನೆ. ಹೇಳಿಯೇ ಹೇಳುತ್ತಾನೆ. ಅವನು ಹೇಳಿಬಿಟ್ಟರೆ ಉಳಿದದ್ದೆಲ್ಲ ನಾನು ಮರೆಯಬಲ್ಲೆ, ಪೈಪನ್ನೂ, ಕೊನೆಗೆ ಕರೆದ ನನ್ನ ಹೆಸರನ್ನೂ. ಅಮ್ಮನಿಗೆ ಏನೂ ಹೇಳಬೇಡ. ನಾವು ತುಂಬಾ ತುಂಬಾ ಚೆನ್ನಾಗಿದ್ದೇವೆ.

ನಿನ್ನ ಪ್ರೀತಿಯ,
ಆಂದ್ರೆಯಾನ್

ತಾ.ಕ. ಬುಧವಾರ. ರೆಮಿ ಆಸ್ಪತ್ರೆಯ ಕಿಟಕಿ ಬಳಿ ನಿಂತು ಹಾಕಿ ಆಟದ ಮಾತಾಡಿ, ಕಾಫಿ ತರುತ್ತೇನೆಂದು ಹೋದ. ನಾನೇ ಬಾಯಿ ತೆರೆದೆ. ಅತ್ತೆ ತಡೆದರು. ಗೊತ್ತು ಬಿಡು, ಆ ಪೈಪು ದಾರಿಯುದ್ದಕ್ಕೂ ನನ್ನ ಬೆನ್ನ ಹಿಂದೇನೇ ಉರುಳಾಡ್ತಿತ್ತು ಅಂದರು. ಈ ಮನೇಲಿ ಗಂಡಸರು ಗಾಡಿ ಕೆಡಿಸ್ತಾರೆ, ಹೆಂಗಸರಿಗೆ ಓಡ್ಸೋಕೆ ಬರಲ್ಲ ಅಂತ ಆಗುತ್ತೆ, ಇಷ್ಟು ವರ್ಷ ಆ ಹೆಂಗಸು ನಾನಾಗಿದ್ದೆ, ಈಗ ನೀನು ಬಂದ್ಯಲ್ಲ, ಸ್ವಲ್ಪ ಹಗುರ ಆಯ್ತು ಅಂದರು. ಪಟ್ಟಿ ಕಟ್ಟಿದ ನನ್ನ ಕೈಯನ್ನು ತಟ್ಟಿದರು, ನಿಜವಾಗಿಯೂ ಪ್ರೀತಿಯಿಂದ. ಮುಂದಿನ ಶುಕ್ರವಾರ ಮಾಂಟ್ರಿಯಲ್ ಬಸ್ ನಿಲ್ದಾಣಕ್ಕೆ ಬಾ ಅಕ್ಕಾ, ನಾನು ಬರುತ್ತಿದ್ದೇನೆ. ರೆಮಿಗೆ ಹೇಳಿಲ್ಲ.